ಮೊದಲು ಸಿನಿಮಾ ತೋರಿಸಿ, ಅರ್ಥ ಆಮೇಲೆ ಕೇಳಿ

ಮಾನ್ಯ ಸಂಪಾದಕರೇ,

ಈಗಿನ ಹುಡುಗರಿಗೆ ತಲೆಬುಡ ಇಲ್ಲದ ಸಿನಿಮಾ ಹಿಡಿಸುವುದು ರೀಲ್ಸ್ ಚಟದಿಂದ ಎಂದು ಹಿರಿಯರು ಆಗಾಗ ಹೇಳುತ್ತಾರೆ. ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತಾ ಫಿಲ್ಮ್ ಕ್ಲಬ್ ನೋಡಿಕೊಳ್ಳುವ ನಾನು ಈ ಮಾತು ಒಪ್ಪುವುದಿಲ್ಲ.

ಈಚೆಗೆ ನಾವು ಸ್ಪೇನಿನ ನಿರ್ದೇಶಕ ಲೂಯಿ ಬುನ್ಯುಯೆಲ್ ಮತ್ತು ಚಿತ್ರಕಾರ ಸಾಲ್ವಡಾರ್ ಡಾಲಿ ಸೇರಿ ಮಾಡಿದ ‘ಅನ್ ಶಿಯೆನ್ ಆಂಡಲೂ’ ತೋರಿಸಿದೆವು. 1929ರ ಮೂಕಿ ಚಿತ್ರ, ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಕ್ಷೌರದ ಕತ್ತಿ ಕಣ್ಣು ಸೀಳುವ ತುಣುಕನ್ನು ಎಷ್ಟೋ ಮಕ್ಕಳು ಮೊಬೈಲಿನಲ್ಲಿ ಮೊದಲೇ ನೋಡಿದ್ದರು. ಆದರೆ ಬಾಲ್ಕನಿಯಲ್ಲಿ ನಿಂತವನು ಆಕಾಶ ನೋಡುವುದು, ತೆಳ್ಳನೆಯ ಮೋಡ ಚಂದ್ರನ ಮೇಲೆ ಅಡ್ಡ ಹಾಯುವುದು, ಇದನ್ನು ನೋಡಿರಲಿಲ್ಲ. ಮೋಡದ ಬೆನ್ನಿಗೇ ಕತ್ತಿ ಬಂದಾಗ ಇಡೀ ಹಾಲ್ ‘ಅಯ್ಯೋ’ ಎಂದಿತು. ಮುಂದೆ ‘ಹದಿನಾರು ವರ್ಷಗಳ ಹಿಂದೆ’ ಎಂಬ ಬರಹ ಬರುತ್ತದೆ. ನೋಡಿದರೆ ಅದೇ ಕೋಣೆ! ಒಬ್ಬ ಹುಡುಗಿ ನಗುತ್ತಾ, "ಕನಸಲ್ಲಿ ಹೀಗೇ ಅಲ್ವಾ ಮೇಡಂ? ಅಜ್ಜಿ ಮನೆ ಅಂತ ಒಳಗೆ ಹೋದ್ರೆ ಎಕ್ಸಾಂ ಹಾಲ್ ಇರುತ್ತೆ" ಎಂದಳು.

ಚಿತ್ರ ಹುಟ್ಟಿದ್ದೂ ಹಾಗೆಯೇ. ಚಂದ್ರನನ್ನು ಸೀಳುವ ಮೋಡ ಬುನ್ಯುಯೆಲ್ ಕಂಡ ಕನಸು, ಅಂಗೈ ತುಂಬಾ ಇರುವೆ ಡಾಲಿಯ ಕನಸು. ಕಾರಣ ಹೇಳಬಹುದಾದ ಯಾವ ದೃಶ್ಯವೂ ಬೇಡ ಎಂದು ಇಬ್ಬರೂ ಮಾತಾಡಿಕೊಂಡೇ ಬರೆದರು. ಆಗ ಇಬ್ಬರಿಗೂ ಮೂವತ್ತು ದಾಟಿರಲಿಲ್ಲ! ದುಡ್ಡು ಕೊಟ್ಟಿದ್ದು ಬುನ್ಯುಯೆಲ್ ತಾಯಿ. ಪ್ಯಾರಿಸ್ಸಿನ ಮೊದಲ ಪ್ರದರ್ಶನದಲ್ಲಿ ಗಲಾಟೆ ಆದೀತೆಂದು ಅವನು ಜೇಬಿನಲ್ಲಿ ಕಲ್ಲು ತುಂಬಿಕೊಂಡು ನಿಂತಿದ್ದನಂತೆ. ಜನ ಚಪ್ಪಾಳೆ ಹೊಡೆದರು.

ಇಂಥ ಸಿನಿಮಾದ ರುಚಿ ಕೆಡಿಸುವವರು ನಮ್ಮಂಥ ಮೇಷ್ಟ್ರುಗಳೇ. ಲೈಟ್ ಆರುವ ಮೊದಲೇ ಅರ್ಧ ಗಂಟೆ ಭಾಷಣ. ಮುಗಿದ ಕೂಡಲೇ ‘ಇದರ ಸಂದೇಶವೇನು?’ ಎಂಬ ಪ್ರಶ್ನೆ. ಸಾರಾಂಶ ಬರೆದೂ ಬರೆದೂ ಸಾಕಾದ ಮಕ್ಕಳಿಗೆ ಸುಮ್ನೆ ನೋಡುವ ಒಂದು ಜಾಗ ಬೇಡವೇ? ಬಿಟ್ಟರೆ ಅವರೇ ಮಾತಾಡುತ್ತಾರೆ. ಬುನ್ಯುಯೆಲ್‌ನ 1962ರ ‘ದಿ ಎಕ್ಸ್‌ಟರ್ಮಿನೇಟಿಂಗ್ ಏಂಜೆಲ್’ನಲ್ಲಿ ಊಟಕ್ಕೆ ಬಂದ ದೊಡ್ಡ ಮನುಷ್ಯರು ಕೋಣೆ ಬಿಟ್ಟು ಹೊರಡಲಾರದೆ ದಿನಗಟ್ಟಲೆ ಅಲ್ಲೇ ಉಳಿಯುತ್ತಾರೆ. ಯಾರೂ ತಡೆದಿಲ್ಲ. ಏಕೆಂದು ಚಿತ್ರ ಹೇಳುವುದೂ ಇಲ್ಲ. ಲಾಕ್‌ಡೌನ್‌ನಲ್ಲಿ ಬಾಲ್ಯದ ಒಂದು ಪಾಲು ಕಳೆದ ನಮ್ಮ ಮಕ್ಕಳು ಅದನ್ನು ನೋಡಿ, ಸಂಜೆ ಬಸ್ ತಪ್ಪುವವರೆಗೂ ಚರ್ಚೆ ಮಾಡಿದರು.

ಚಿತ್ರೋತ್ಸವ ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟೇ. ಜಿಲ್ಲಾ ಕೇಂದ್ರಗಳಲ್ಲೂ ಈ ಚಿತ್ರಗಳನ್ನು ಕನ್ನಡ ಸಬ್‌ಟೈಟಲ್ ಹಾಕಿ ದೊಡ್ಡ ಪರದೆಯಲ್ಲಿ ತೋರಿಸಿ. ಹಳ್ಳಿಯ ಕೊನೇ ಬಸ್ ಸಿಗುವ ಹಾಗೆ ಹಗಲಿನ ಹೊತ್ತಿನಲ್ಲೇ ಇಡಿ. ಭಾಷಣ ಏನಿದ್ದರೂ ಆಮೇಲೆ ಇರಲಿ.

– ಕಾಲೇಜು ಉಪನ್ಯಾಸಕಿ, ಶಿವಮೊಗ್ಗ