ಹೊಂಡಕ್ಕೆ ಶೇ 80 ಸಹಾಯಧನ, ಬೇಲಿಗೆ ಮಾತ್ರ ಶೇ 40 ಯಾಕೆ ಸ್ವಾಮಿ?

ಮಾನ್ಯ ಕೃಷಿ ಸಚಿವರಿಗೆ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ಹೊಲದಲ್ಲಿ ಮಳೆನೀರು ಹಿಡಿದಿಡುವ ಕೃಷಿ ಹೊಂಡದ ವಿರೋಧಿ ನಾನಲ್ಲ. ನಮ್ಮ ಹೊಲದಲ್ಲೂ ಒಂದಿದೆ. ಶಿರಾ, ಪಾವಗಡ, ಚಳ್ಳಕೆರೆ ಕಡೆ ಮಳೆ ಕೈಕೊಟ್ಟಾಗ ಕಡಲೆಕಾಯಿಗೆ ಒಂದೆರಡು ಸಲ ನೀರು ಹಾಯಿಸಿ ಬೆಳೆ ಉಳಿಸಿಕೊಂಡವರಿಗೆ, ಹೊಂಡಕ್ಕೆ ಸರ್ಕಾರ ಸಹಾಯಧನ ಕೊಡುವ ಕೃಷಿ ಭಾಗ್ಯ ಯೋಜನೆಯ ಬೆಲೆ ಗೊತ್ತು. ನಡುವೆ ನಿಂತುಹೋಗಿದ್ದ ಯೋಜನೆ ಮತ್ತೆ ಶುರುವಾದಾಗ ಖುಷಿಪಟ್ಟವರಲ್ಲಿ ನಾನೂ ಒಬ್ಬ.

ಆದರೆ ಆ ಹೊಂಡದ ಅಂಚಿನಲ್ಲಿ ಒಮ್ಮೆ ನಿಂತು ನೋಡಿ. ಮೂರು ಮೀಟರ್ ಆಳ, ಅಂದರೆ ಸುಮಾರು ಹತ್ತು ಅಡಿ. ನಾಲ್ಕೂ ಕಡೆ ಇಳಿಜಾರು, ನೀರು ಇಂಗದಿರಲಿ ಅಂತ ಅದರ ಮೇಲೆ ಪಾಲಿಥಿನ್ ಹಾಳೆ. ನೀರು ನಿಂತು ಸ್ವಲ್ಪ ದಿನವಾದರೆ ಹಾಳೆಗೆ ಪಾಚಿ ಕಟ್ಟುತ್ತದೆ. ಆಮೇಲೆ ಅದು ಎಣ್ಣೆ ಸವರಿದ ಬಾಣಲೆ. ಹಳೇ ಬಾವಿಯಲ್ಲಾದರೆ ಕಲ್ಲೋ ಬೇರೋ ಮೆಟ್ಟಿಲೋ ಕೈಗೆ ಸಿಗುತ್ತಿತ್ತು. ಇಲ್ಲಿ ಉಗುರು ಊರಲೂ ಜಾಗ ಇಲ್ಲ. ಅದಕ್ಕೇ ಈಜು ಬರುವವರೂ ಇದರಲ್ಲಿ ಸಾಯುತ್ತಾರೆ. ಈಜಿಕೊಂಡು ಅಂಚಿಗೆ ಬರುತ್ತಾರೆ, ಹತ್ತೋಕಾಗಲ್ಲ. ನೀರು ಕುಡಿಯಲು ಇಳಿದ ನಾಯಿ, ಕುರಿಗಳ ಕಥೆಯೂ ಅದೇ.

ಎಷ್ಟೋ ಸಲ ಒಂದು ಜೀವಕ್ಕೇ ನಿಲ್ಲುವುದಿಲ್ಲ. ತೇಲಿಹೋದ ಚಪ್ಪಲಿಗೆ ಮಗು ಕೈ ಚಾಚುತ್ತದೆ. ಎಳೆಯಲು ಹೋದ ಅಕ್ಕ ಜಾರುತ್ತಾಳೆ. ಕಳೆ ಕೀಳುತ್ತಿದ್ದ ತಾಯಿ ಕೂಗು ಕೇಳಿ ಓಡಿ ಬಂದು ಹಾಗೇ ಧುಮುಕುತ್ತಾಳೆ. ದಡದಲ್ಲಿ ಎಸೆಯೋಕೆ ಒಂದು ಹಗ್ಗವೂ ಇರುವುದಿಲ್ಲ. ಮಾರನೇ ದಿನ ಜಿಲ್ಲಾ ಪುಟದಲ್ಲಿ ನಾಲ್ಕು ಸಾಲು, ಅಷ್ಟೇ. 2018ರ ನವೆಂಬರ್‌ನಲ್ಲಿ ಮಂಡ್ಯ ಜಿಲ್ಲೆಯ ಕನಗನಮರಡಿ ಹತ್ತಿರ ಬಸ್ಸು ವಿಶ್ವೇಶ್ವರಯ್ಯ (ವಿ.ಸಿ.) ನಾಲೆಗೆ ಬಿದ್ದು 30 ಜನ ಸತ್ತಾಗ ಇಡೀ ರಾಜ್ಯ ತಡೆಗೋಡೆಯ ಮಾತಾಡಿತ್ತು. ಹೊಂಡ ಒಬ್ಬೊಬ್ಬರನ್ನೇ, ಇಬ್ಬಿಬ್ಬರನ್ನೇ ತೆಗೆದುಕೊಳ್ಳುತ್ತದೆ. ಹಾಗಾಗಿ ಯಾರಿಗೂ ಲೆಕ್ಕಕ್ಕಿಲ್ಲ.

ಈಗ ನಿಮ್ಮ ಇಲಾಖೆಯ ಸಹಾಯಧನದ ಪಟ್ಟಿ ನೋಡೋಣ. ಸಾಮಾನ್ಯ ವರ್ಗದ ರೈತನಿಗೆ ಹೊಂಡ ತೋಡಲು ಶೇ 80, ಹಾಳೆಗೂ ಶೇ 80. ಸುತ್ತ ತಂತಿ ಬೇಲಿಗೆ ಮಾತ್ರ ಶೇ 40. ಪರಿಶಿಷ್ಟರಿಗೆ ಮೊದಲ ಎರಡಕ್ಕೆ ಶೇ 90, ಬೇಲಿಗೆ ಶೇ 50. ಜೀವ ತೆಗೆಯಬಲ್ಲ ಭಾಗಕ್ಕೆ ಜಾಸ್ತಿ, ಉಳಿಸುವ ಭಾಗಕ್ಕೆ ಅರ್ಧ! ಉಳಿದ ದುಡ್ಡು ಕೈಯಿಂದ ಹಾಕಬೇಕಾದ ರೈತ ಏನು ಮಾಡುತ್ತಾನೆ? ನಾಲ್ಕು ಜಾಲಿ ಮುಳ್ಳು ಅಡ್ಡ ಇಟ್ಟು ಸುಮ್ಮನಾಗುತ್ತಾನೆ. ಮುಂದಿನ ಗಾಳಿಗೆ ಅದೂ ಇರಲ್ಲ. ಅವನನ್ನು ಬೈದು ಏನು ಪ್ರಯೋಜನ?

ಬೇಲಿಯ ಪಾಲನ್ನೂ ಹೊಂಡದಷ್ಟೇ ಮಾಡಿ. ಅದಕ್ಕೆ ಹಣಕಾಸು ಇಲಾಖೆ ಒಪ್ಪಬೇಕು, ತಡವಾಗಬಹುದು, ಗೊತ್ತು. ಹಗ್ಗಕ್ಕೆ ಯಾರಪ್ಪಣೆ ಬೇಕು? ದಡದಲ್ಲಿ ಎರಡು ಗೂಟ ಹೂತು, ಗಂಟು ಹಾಕಿದ ದಪ್ಪ ನೈಲಾನ್ ಹಗ್ಗವನ್ನು ಎದುರು ಬದುರು ತಳದವರೆಗೂ ಇಳಿಬಿಟ್ಟರೆ ಬಿದ್ದವರು ಹಿಡಿದು ಹತ್ತಬಹುದು. ಪಕ್ಕದಲ್ಲಿ ಮುಚ್ಚಳ ಬಿಗಿದ ಖಾಲಿ ಕ್ಯಾನ್ ಒಂದಕ್ಕೆ ಉದ್ದನೆ ಹಗ್ಗ ಕಟ್ಟಿ ನೇತುಹಾಕಿದರೆ ದಡದಲ್ಲಿರುವವರು ಎಸೆಯಬಹುದು, ಧುಮುಕಬೇಕಾಗಿಲ್ಲ. ಇಷ್ಟಕ್ಕೆ ಬೇಲಿಯಷ್ಟು ದುಡ್ಡು ಬೇಕಾಗಲ್ಲ.

ಹೊಂಡ ಮುಗಿದ ಮೇಲೆ ನಿಮ್ಮ ಸಿಬ್ಬಂದಿ ಬಂದು ಜಿಪಿಎಸ್ ಫೋಟೊ ತೆಗೆಯುತ್ತಾರಲ್ವಾ? ಆ ಫೋಟೊದಲ್ಲಿ ಬೇಲಿ, ಹಗ್ಗ, ಕ್ಯಾನ್ ಮೂರೂ ಕಾಣದಿದ್ದರೆ ಕೊನೆಯ ಬಿಲ್ಲು ಪಾಸಾಗಬಾರದು. ಹಳೇ ಹೊಂಡಗಳ ಪಟ್ಟಿ ರೈತ ಸಂಪರ್ಕ ಕೇಂದ್ರಗಳಲ್ಲೇ ಇದೆ. ಬಿತ್ತನೆ ಬೀಜ ತಗೊಳ್ಳೋಕೆ ರೈತರು ಹೇಗೂ ಅಲ್ಲಿಗೆ ಬರುತ್ತಾರೆ, ಆಗಲೇ ಒಂದು ಸುರುಳಿ ಹಗ್ಗ ಕೊಟ್ಟು ಕಳಿಸಿ. ಮುಂಗಾರಿಗೆ ಹೊಂಡ ತುಂಬುವ ಮೊದಲೇ ಸುತ್ತೋಲೆ ಬರಲಿ.

ಇಂತಿ,
ಶಿರಾ ಸೀಮೆಯ ಒಬ್ಬ ಕಡಲೆಕಾಯಿ ಬೆಳೆಗಾರ