ಪುಟ್ಟಿಯ ಕಾಲು, ವಕೀಲರ ನೋಟಿಸು

ತುಮಕೂರು

ಚಿರಂಜೀವಿ ಮಂಜುನಾಥನಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ.

ಮಧುಗಿರಿಯಿಂದ ನೀನು ಕಳಿಸಿದ, ನಿನ್ನ ವಕೀಲರು ಬರೆದ ನೋಟಿಸಿನ ಕರಡು ಓದಿದೆ. ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಲಸಿಕೆ) ಬೂಸ್ಟರಿನ ವಿಷದಿಂದ ನಿನ್ನ ಮಗಳು ಪುಟ್ಟಿಯ ಬಲಗಾಲಿಗೆ ಲಕ್ವ ಹೊಡೆದಿದೆ, ಲಸಿಕೆ ತಯಾರಿಸಿದ ಕಂಪನಿ 50 ಲಕ್ಷ ಕೊಡಬೇಕು ಅಂತ ಬರೆದಿದ್ದಾರೆ. ಇದನ್ನು ಕಳಿಸಬೇಡಪ್ಪ. ಗೆಲ್ಲಬಹುದಾದ ಕೇಸನ್ನು ಪಕ್ಕಕ್ಕಿಟ್ಟು ಸೋಲುವುದನ್ನೇ ಹಿಡಿದುಕೊಂಡಿದ್ದಾರೆ.

ಸುಧಾ ಫೋನಿನಲ್ಲಿ ಹೇಳಿದ ಒಂದು ಮಾತು ಆ ಕರಡಿನಲ್ಲಿ ಎಲ್ಲೂ ಇಲ್ಲ. ಕ್ಲಿನಿಕ್ಕಿನಲ್ಲಿ ಸೂಜಿ ಹಾಕಿದ್ದು ತೊಡೆಗಲ್ಲ, ಪಿರ್ರೆಗೆ. ಈ ವಯಸ್ಸಿನ ಮಗುವಿಗೆ ಡಿಪಿಟಿಯನ್ನು ತೊಡೆಯ ನಡುಭಾಗದಲ್ಲಿ, ಮುಂದಿನ ಹೊರಮಗ್ಗುಲ ಸ್ನಾಯುವಿಗೆ ಹಾಕಬೇಕು. ಪಿರ್ರೆಯ ಒಳಗೆ ಸಯಾಟಿಕ್ ನರ ಹಾದುಹೋಗುತ್ತದೆ, ಎಳೆ ಮಗುವಿಗೆ ಅಲ್ಲಿ ಸ್ನಾಯುವೂ ತೆಳು. ಸೂಜಿಯೋ ಔಷಧಿಯೋ ಆ ನರಕ್ಕೆ ತಾಗಿದರೆ ಪಾದ ಮೇಲೇಳುವುದಿಲ್ಲ, ಬೆರಳು ನೆಲಕ್ಕೆ ಉಜ್ಜುತ್ತದೆ. ಡಾಕ್ಟರು ಅದನ್ನೇ ಫುಟ್ ಡ್ರಾಪ್ ಅನ್ನುವುದು.

ಹಾಗಾಗಿ ನಿನ್ನ ದೂರು ಲಸಿಕೆಯ ಮೇಲಲ್ಲ, ಅದನ್ನು ಹಾಕಿದ ಕೈಯ ಮೇಲೆ. ಕಂಪನಿಯನ್ನು ಹಿಡಿಯಬೇಕಾದರೆ ಆ ಬ್ಯಾಚೇ ದೋಷದ್ದು ಅಂತ ನೀನು ತೋರಿಸಬೇಕು. ಅದು ಒಂದು ಕಾಲಿನ ಕೇಸಿನಿಂದ ಆಗುವ ಕೆಲಸವಲ್ಲ. ಲಸಿಕೆಯ ನಂತರದ ತೊಂದರೆಗಳನ್ನು ಸರ್ಕಾರದ ಎಇಎಫ್‌ಐ ಸಮಿತಿಗಳು ಬಗೆಬಗೆಯಾಗಿ ವಿಂಗಡಿಸುತ್ತವೆ: ಲಸಿಕೆಯ ಗುಣದಿಂದಲೇ ಆದದ್ದು, ತಯಾರಿಕೆಯ ದೋಷದ್ದು, ಹಾಕುವಾಗಿನ ತಪ್ಪಿನದು, ಹೆದರಿಕೆಯಿಂದ ಆದದ್ದು, ಕಾಕತಾಳೀಯವಾಗಿ ಆ ಹೊತ್ತಿಗೇ ಬಂದ ಬೇರೆ ಕಾಯಿಲೆ. ಮೊದಲನೆಯದರಲ್ಲಿ ತೊಂದರೆ ನಿಜವಾಗಿದ್ದರೂ ಯಾರ ನಿರ್ಲಕ್ಷ್ಯವೂ ಇಲ್ಲದಿರಬಹುದು, ಆಗ ಸಾಮಾನ್ಯ ಕಾನೂನಿನಲ್ಲಿ ಕೈ ಹಿಡಿಯುವವರು ಕಡಿಮೆ. ಮೂರನೆಯದರಲ್ಲಿ ತಪ್ಪು ಮಾಡಿದವರು ಎದುರಿಗೇ ಇರುತ್ತಾರೆ. ತಾಲ್ಲೂಕು ಆರೋಗ್ಯಾಧಿಕಾರಿಗೂ ತಾಯಿ-ಮಕ್ಕಳ ಆರೋಗ್ಯ ನೋಡಿಕೊಳ್ಳುವ ಜಿಲ್ಲಾ ಆರ್‌ಸಿಎಚ್ ಅಧಿಕಾರಿಗೂ ಬರಹದಲ್ಲಿ ವರದಿ ಕೊಡು. ಖಾಸಗಿಯಲ್ಲಿ ಹಾಕಿಸಿದ್ದಕ್ಕೆ ನಮಗೆ ಸಂಬಂಧವಿಲ್ಲ ಅಂದರೆ ಒಪ್ಪಬೇಡ. ಸಮಿತಿಯ ತೀರ್ಮಾನ ಕೋರ್ಟಿನ ತೀರ್ಪಾಗುವುದಿಲ್ಲ, ಆದರೂ ಅದೊಂದು ತೂಕದ ಕಾಗದ.

ಇದಕ್ಕಿಂತ ಅವಸರದ್ದು ಒಂದಿದೆ. ಕಾಲು ಸೋತು ಇನ್ನೂ ಎರಡು ವಾರ ತುಂಬಿಲ್ಲ. 15 ವರ್ಷದೊಳಗಿನ ಮಗುವಿಗೆ ಹಠಾತ್ತಾಗಿ ಕೈಕಾಲು ಸೋತರೆ ಪೋಲಿಯೊ ಅಲ್ಲವೆಂದು ಖಚಿತಪಡಿಸಿಕೊಳ್ಳಲು ಎರಡು ಸಲ ಮಲದ ಮಾದರಿ ತೆಗೆಯುತ್ತಾರೆ, ನಡುವೆ 24 ಗಂಟೆ ಅಂತರವಿಟ್ಟು, ಕಾಲು ಸೋತ 14 ದಿನದೊಳಗೆ. ನಾಳೆ ಬೆಳಿಗ್ಗೆಯೇ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಬಾ, ಎಎಫ್‌ಪಿ, ಅಂದರೆ ಹಠಾತ್ತಾಗಿ ಕೈಕಾಲು ಸೋತ ಕೇಸೆಂದು ದಾಖಲಿಸಿ ಅನ್ನು. ಮಗುವಿನ ಆರೋಗ್ಯಕ್ಕೆ ಇದು ಬೇಕೇ ಬೇಕು, ಕೇಸಿಗೂ ಬೇಕು. ಕ್ಲಿನಿಕ್ಕಿನ ಕಡೆಯವರು ಮೊದಲು ಹೇಳುವುದೇ ಇದು ವೈರಸ್ಸು, ಇಲ್ಲವೇ ಜಿಬಿ ಸಿಂಡ್ರೋಮ್ ಅನ್ನುವ ನರದ ಕಾಯಿಲೆ ಅಂತ. ಆ ದಿನದ ಮಲದ ವರದಿ, ಸರ್ಕಾರಿ ಡಾಕ್ಟರು ತಾರೀಖು ಹಾಕಿ ಬರೆದ ಪರೀಕ್ಷೆ ಇದ್ದರೆ ಅದಕ್ಕೆ ಉತ್ತರ ಸಿದ್ಧವಿರುತ್ತದೆ. 60 ದಿನ ಕಳೆದ ಮೇಲೆ ಮತ್ತೆ ನೋಡುತ್ತಾರೆ, ತಪ್ಪಿಸಬೇಡ. ಅಲ್ಲಿಯವರೆಗೆ ಸಣ್ಣಪುಟ್ಟ ಜ್ವರಕ್ಕೆಲ್ಲ ಇಂಜೆಕ್ಷನ್ ಹಾಕಿಸಬೇಡ.

ನರದ ಪರೀಕ್ಷೆ, ಅಂದರೆ ಎನ್‌ಸಿಎಸ್ ಮತ್ತು ಇಎಂಜಿ, ಈ ವಾರವೇ ಮಾಡಿಸಿ ದುಡ್ಡು ಕಳೆಯಬೇಡ. ಪೆಟ್ಟಾದ ನರದ ಗುರುತು ಸ್ನಾಯುವಿನಲ್ಲಿ ಸರಿಯಾಗಿ ಕಾಣುವುದು ಸುಮಾರು ಮೂರು ವಾರದ ಮೇಲೆ. ಮುಂಚೆ ಮಾಡಿಸಿ ನಾರ್ಮಲ್ ಅಂತ ಬಂದರೆ ಆ ಹಾಳೆಯನ್ನೇ ಎದುರು ಪಕ್ಷದವರು ಕಡೆಯವರೆಗೂ ಎತ್ತಿ ತೋರಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತೋರಿಸುವಾಗ, ಪಿರ್ರೆಗೆ ಕೊಟ್ಟ ಇಂಜೆಕ್ಷನ್ನಿನಿಂದ ಸಯಾಟಿಕ್ ನರಕ್ಕೆ ಪೆಟ್ಟಾಗಿದೆಯೇ ಅಂತ ನೇರವಾಗಿ ಕೇಳಿ, ಉತ್ತರವನ್ನು ಚೀಟಿಯಲ್ಲಿ ಬರೆಸಿಕೊ. ಬರೀ ಕಾಲಿನ ದೌರ್ಬಲ್ಯ ಅಂತ ಬರೆದ ಚೀಟಿಯಿಂದ ಪ್ರಯೋಜನವಿಲ್ಲ.

ಕ್ಲಿನಿಕ್ಕಿಗೆ ಜಗಳಕ್ಕೆ ಹೋಗುವ ಮುಂಚೆ ದಾಖಲೆ ಕೇಳಿ ಅರ್ಜಿ ಕೊಡು. ಸ್ವೀಕೃತಿ ಕೊಡದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸು. 2002ರ ವೈದ್ಯಕೀಯ ನಡತೆಯ ನಿಯಮದ ಪ್ರಕಾರ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಆ ದಿನದ ಒಪಿಡಿ ರಿಜಿಸ್ಟರಿನ ಹಾಳೆ, ಲಸಿಕೆಯ ಬ್ಯಾಚ್ ನಂಬರು, ಬಿಲ್ಲು, ಚುಚ್ಚಿದವರ ಹೆಸರು ಮತ್ತು ವಿದ್ಯಾರ್ಹತೆ, ಇಷ್ಟನ್ನೂ ಕೇಳು. ಅದೇ ಹೊತ್ತಿಗೆ ಬೇರೆ ಇಂಜೆಕ್ಷನ್ ಏನಾದರೂ ಕೊಟ್ಟರೇ ಅನ್ನುವುದನ್ನು ಮರೆಯಬೇಡ. ಜ್ವರಕ್ಕೆಂದು ಇನ್ನೊಂದು ಸೂಜಿಯನ್ನು ಪಿರ್ರೆಗೆ ಹಾಕಿದ್ದರೆ ಲಸಿಕೆಯ ಹೆಸರೇ ಕೇಸಿನಿಂದ ಬಿದ್ದುಹೋಗುತ್ತದೆ. ಮಗುವನ್ನು ಮಡಿಲಲ್ಲಿ ಹಿಡಿದಿದ್ದ ನಿನ್ನ ಅತ್ತೆಯವರು ಕಂಡದ್ದನ್ನು ಈಗಲೇ ಬರೆದು ಸಹಿ ಮಾಡಲಿ. ಕ್ಲಿನಿಕ್ಕಿನವರ ವಾಟ್ಸಾಪ್ ಮೆಸೇಜು ಅಳಿಸಬೇಡ, ಫೋನೂ ಬದಲಿಸಬೇಡ. ಅವನ್ನು ಸಾಕ್ಷ್ಯವಾಗಿ ಹಾಜರುಪಡಿಸಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ. ಆರೋಗ್ಯ ಇಲಾಖೆಯಲ್ಲಿರುವ ಕಡತದ ನಕಲಿಗೆ ಮಾಹಿತಿ ಹಕ್ಕಿನಲ್ಲಿ ಕೇಳು, ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಪುಟಗಟ್ಟಲೆ ಕಥೆ ಬರೆದರೆ ಅದೇ ನೆಪದಲ್ಲಿ ಅರ್ಜಿ ವಾಪಸ್ ಬರುತ್ತದೆ.

ಕೇಸು ಹಾಕುವ ಜಾಗ ಇಲ್ಲೇ, ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗ. ನೀನು ದುಡ್ಡು ಕೊಟ್ಟು ಹಾಕಿಸಿದ್ದರಿಂದ ಅದು ಸೇವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಯಾವ ಆಯೋಗ ಅನ್ನುವುದನ್ನು ತೀರ್ಮಾನಿಸುವುದು ನೀನು ಕೇಳುವ ಪರಿಹಾರವಲ್ಲ, ನೀನು ಕ್ಲಿನಿಕ್ಕಿಗೆ ಕೊಟ್ಟ ಶುಲ್ಕ. ಅದು 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೂ ಇಲ್ಲ. ಮಗುವಿನ ಜೊತೆಗೆ ನೀನೂ ಸುಧಾಳೂ ದೂರುದಾರರಾಗಿರಿ. ತಪ್ಪು ಇಂಜೆಕ್ಷನ್ನಿನ ಸ್ಪ್ರಿಂಗ್ ಮೆಡೋಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1998ರಲ್ಲೇ ಮಗುವಿನಂತೆ ತಂದೆತಾಯಿಯೂ ಗ್ರಾಹಕರೇ ಅಂದಿದೆ, ಮಗುವಿಗೂ ತಂದೆತಾಯಿಗೂ ಬೇರೆ ಬೇರೆ ಪರಿಹಾರ ಎತ್ತಿಹಿಡಿದಿದೆ. ಅಂಗನವಾಡಿಯಲ್ಲಿ ಪುಕ್ಕಟೆ ಹಾಕಿಸಿದ್ದರೆ ಈ ದಾರಿ ಇರುತ್ತಿರಲಿಲ್ಲ; ಸರ್ಕಾರಕ್ಕೆ ಎರಡು ತಿಂಗಳ ನೋಟಿಸು ಕೊಟ್ಟು ಸಿವಿಲ್ ದಾವೆ ಹೂಡಬೇಕಾಗುತ್ತಿತ್ತು.

ದೂರಿಗೆ ಕಾಲಮಿತಿ ಎರಡು ವರ್ಷ. ಹಾಗಂತ ಈ ತಿಂಗಳೇ ಓಡಬೇಡ. ಪೆಟ್ಟಾದ ನರ ಚೇತರಿಸಿಕೊಂಡರೆ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ, ಪಿರ್ರೆಯಿಂದ ಪಾದ ಮುಟ್ಟಲು ತಿಂಗಳುಗಟ್ಟಲೆ ಬೇಕು. ಎಷ್ಟು ಉಳಿಯಿತು, ಎಷ್ಟು ಹೋಯಿತು ಅಂತ ಗೊತ್ತಾಗದೆ ಪರಿಹಾರದ ಲೆಕ್ಕ ಬರೆದರೆ ಊಹೆಯಾಗುತ್ತದೆ. ಫಿಜಿಯೋಥೆರಪಿ, ಪಾದದ ಸ್ಪ್ಲಿಂಟು ಇವತ್ತೇ ಶುರುವಾಗಲಿ. ಮೂರು ತಿಂಗಳಾದರೂ ಸ್ವಲ್ಪವೂ ಚಲನೆ ಕಾಣದಿದ್ದರೆ ಆಪರೇಷನ್ ಬೇಕೇ ಅಂತ ಕೇಳು. ವರ್ಷ ತುಂಬುವ ಹೊತ್ತಿಗೆ ಎರಡನೇ ಎನ್‌ಸಿಎಸ್ ಮಾಡಿಸಿ, ಅಂಗವೈಕಲ್ಯ ಉಳಿದಿದ್ದರೆ ಶೇಕಡಾವಾರು ಪ್ರಮಾಣಪತ್ರ ಪಡೆದು, ಆಮೇಲೆ ದೂರು ಸಲ್ಲಿಸು. ಕಡೇ ತಿಂಗಳಿಗೆ ಮಾತ್ರ ತಳ್ಳಬೇಡ. ಬಿಲ್ಲು, ಬಸ್ ಟಿಕೆಟ್ಟು, ಸುಧಾ ಬಿಟ್ಟ ಕೂಲಿ ದಿನಗಳು, ಪಾದ ಬೆಳೆದಂತೆಲ್ಲ ಬದಲಾಯಿಸಬೇಕಾದ ಸ್ಪ್ಲಿಂಟಿನ ಖರ್ಚು, ಇವೇ ಪರಿಹಾರದ ಮೊತ್ತಕ್ಕೆ ಆಧಾರ. ವಕೀಲರು ಬಾಯಿಗೆ ಬಂದಂತೆ ಬರೆದ 50 ಲಕ್ಷಕ್ಕೆ ಆಧಾರವೇ ಇಲ್ಲ.

ಅಮೆರಿಕದಲ್ಲಿ ಲಸಿಕೆಯ ತೊಂದರೆಗೆಂದೇ ಪರಿಹಾರ ನಿಧಿ ಇದೆಯಂತಲ್ಲ ಅಂತ ನೀನು ಕೇಳಿದ್ದೆ. ಹೌದು, 1986ರ ಕಾಯ್ದೆಯದು, ಅಲ್ಲಿ ಯಾರ ತಪ್ಪೆಂದು ಸಾಧಿಸಬೇಕಿಲ್ಲ. ತಪ್ಪು ಜಾಗಕ್ಕೆ ಸೂಜಿ ಬಿದ್ದು ಭುಜ ಹಾಳಾಗುವುದನ್ನೂ 2017ರಲ್ಲಿ ಅವರ ಪಟ್ಟಿಗೆ ಸೇರಿಸಿದ್ದಾರೆ. ಅದು ಅಲ್ಲಿಯ ಲಸಿಕೆಗೆ, ನಮ್ಮ ಪುಟ್ಟಿಗೆ ಸಲ್ಲದು. ಕೋವಿಡ್ ಲಸಿಕೆಯ ಪ್ರಕರಣಗಳ ಸುದ್ದಿಯನ್ನೂ ಇದಕ್ಕೆ ಅಂಟಿಸಬೇಡ.

ಪೊಲೀಸ್ ದೂರಿನ ಯೋಚನೆ ಬಿಡು. ಡಾಕ್ಟರ ಮೇಲೆ ಕ್ರಿಮಿನಲ್ ಕೇಸು ನಿಲ್ಲಬೇಕಾದರೆ ಘೋರ ನಿರ್ಲಕ್ಷ್ಯ ಬೇಕೆಂದು 2005ರ ಜೇಕಬ್ ಮ್ಯಾಥ್ಯೂ ತೀರ್ಪು ಹೇಳುತ್ತದೆ, ಅಲ್ಲಿ ಸೋತರೆ ಇಲ್ಲೂ ಪೆಟ್ಟು. ಕ್ಲಿನಿಕ್ಕಿನವರು ಮನೆಗೆ ಬಂದು ಒಂದಿಷ್ಟು ಹಣ ಕೊಟ್ಟು ಇನ್ನೇನೂ ಕೇಳುವುದಿಲ್ಲ ಅನ್ನುವ ಕಾಗದಕ್ಕೆ ಸಹಿ ಕೇಳಬಹುದು. ಮಾಡಬೇಡ, ಅದು ಮಗುವಿನ ಹಕ್ಕು. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಕೋರ್ಟಿನಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗು; ಹೆಂಗಸರಿಗೂ ಮಕ್ಕಳಿಗೂ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ಫೋನ್ 15100.

ಪುಟ್ಟಿಗೆ ಎಂಆರ್ (ದಡಾರ-ರುಬೆಲ್ಲಾ) ಲಸಿಕೆಯ ಎರಡನೇ ಡೋಸ್ ಬಾಕಿಯಿದೆ. ಅದನ್ನು ತೋಳಿಗೆ ಹಾಕುತ್ತಾರೆ. ನರದ ಡಾಕ್ಟರನ್ನು ಕೇಳಿಕೊಂಡು ಸರ್ಕಾರಿ ಆಸ್ಪತ್ರೆಯಲ್ಲಿ ಹಾಕಿಸು, ಸಿಟ್ಟಿನಲ್ಲಿ ನಿಲ್ಲಿಸಬೇಡ. ನಾಳೆ ಬರುವಾಗ ತಾಯಿ ಕಾರ್ಡಿನ ಮೂಲ ಪ್ರತಿ ತಂದುಕೊ, ಯಾರು ಕೇಳಿದರೂ ಜೆರಾಕ್ಸ್ ಮಾತ್ರ ಕೊಡು.

ಇಂತಿ ನಿನ್ನ ದೊಡ್ಡಪ್ಪ