ಭಾನುವಾರ ಲೆನ್ಸ್ ಪರೀಕ್ಷೆ, ಟ್ರೈಪಾಡ್ ಮರೆಯಬೇಡಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಗ್ಗೆ 7:30ಕ್ಕೆ ಜಯನಗರದ ನಮ್ಮ ಮನೆ ತಾರಸಿಯಲ್ಲಿ ಸೇರೋಣ. ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಲೆನ್ಸ್ ಕೊಳ್ಳಲು ನೋಡುತ್ತಿರುವವರು ತಪ್ಪದೆ ಬನ್ನಿ.

ಎದುರಿನ ಇಟ್ಟಿಗೆ ಗೋಡೆಯ ಫೋಟೋವನ್ನೇ ಎಲ್ಲರೂ ತೆಗೆಯೋಣ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, 2 ಸೆಕೆಂಡ್ ಟೈಮರ್, ಟ್ರೈಪಾಡ್ ಮೇಲಿರುವಾಗ ಸ್ಟೆಬಿಲೈಸೇಶನ್ (ಕೈ ನಡುಕ ಸರಿಪಡಿಸುವ ವ್ಯವಸ್ಥೆ) ಆಫ್. ಮೊದಲು ಅಪರ್ಚರ್ (ಲೆನ್ಸ್ ಒಳಗೆ ಬೆಳಕು ಬರುವ ರಂಧ್ರ) ಪೂರ್ತಿ ತೆರೆದು ಒಂದು, ಆಮೇಲೆ ಅದನ್ನು ಕಿರಿದು ಮಾಡುತ್ತಾ ಎಫ್/5.6, ಎಫ್/8, ಎಫ್/16ರಲ್ಲಿ ಒಂದೊಂದು. ನಡುಭಾಗ ಹೆಚ್ಚಿನ ಲೆನ್ಸ್‌ಗಳಲ್ಲಿ ಚೆನ್ನಾಗೇ ಇರುತ್ತದೆ, ಗುಣ ಗೊತ್ತಾಗುವುದು ಮೂಲೆಗಳಲ್ಲಿ, ಅಲ್ವಾ? ಚಿತ್ರವನ್ನು 100% ದೊಡ್ಡದು ಮಾಡಿ ಅಲ್ಲೇ ನೋಡೋಣ.

ಒಂದು ಟಾರ್ಚ್ ತನ್ನಿ. ಲೆನ್ಸ್ ಒಳಗೆ ಬೆಳಕು ಬಿಟ್ಟರೆ ಫಂಗಸ್ (ಬೂಷ್ಟು) ಇದ್ದರೆ ಕಾಣುತ್ತದೆ. ಹೋದ ಮಳೆಗಾಲದಲ್ಲಿ ನಾನು ನೋಡದೆ ಕೊಂಡು ತುಂಬಾ ಬೇಜಾರಾಯಿತು, ನಿಮಗೆ ಹಾಗಾಗಬಾರದು.

ಬರುವವರು ಶುಕ್ರವಾರದೊಳಗೆ ನಿಮ್ಮ ಕ್ಯಾಮೆರಾ ಮೌಂಟ್ (ಲೆನ್ಸ್ ಕೂರಿಸುವ ಜಾಗದ ಮಾದರಿ) ಯಾವುದು ಅಂತ ಇಲ್ಲೇ ಹಾಕಿ. ಒಂದೇ ಮೌಂಟ್‌ನವರು ಲೆನ್ಸ್ ಅದಲು ಬದಲು ಮಾಡಿ ನೋಡಬಹುದು.